ಕಾಯಿಸಿದರೂ ಹೋಗದ ವಿಷ: ಬಾವಿಯ ನೈಟ್ರೇಟ್ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು

ಮಳಗಿ ಸೀಮೆಯಿಂದ ಶ್ರೀಮಠಕ್ಕೆ ಬಂದಿದ್ದ ಭಕ್ತರೊಬ್ಬರು ಇತ್ತೀಚೆಗೆ ತಮ್ಮ ಕೊಳವೆಬಾವಿಯ ನೀರಿನ ಪರೀಕ್ಷಾ ವರದಿಯನ್ನು ತೋರಿಸಿ ಒಂದು ಸಂದೇಹವನ್ನು ಮುಂದಿಟ್ಟರು. ನೀರು ಸ್ಫಟಿಕದಂತೆ ತಿಳಿಯಾಗಿದೆ, ವಾಸನೆಯಿಲ್ಲ, ರುಚಿಯೂ ಕೆಟ್ಟಿಲ್ಲ. ಆದರೂ ನೈಟ್ರೇಟ್ ಮಿತಿಮೀರಿದೆ ಎಂದು ವರದಿ ಹೇಳುತ್ತದೆ. ಮನೆಯಲ್ಲಿ ಮೂರು ತಿಂಗಳ ಮೊಮ್ಮಗುವಿದೆ. ತಾಯಿಗೆ ಹಾಲು ಸಾಲದೆಂದು ಪುಡಿಹಾಲನ್ನೂ ಕದಡಿ ಕುಡಿಸುತ್ತಿದ್ದಾರೆ. ನೀರನ್ನು ಚೆನ್ನಾಗಿ ಕುದಿಸಿ ಆರಿಸಿ ಬಳಸಿದರೆ ಸಾಕಲ್ಲವೇ ಎಂಬುದು ಅವರ ಪ್ರಶ್ನೆ.

ಸಾಲದು. ಈ ಒಂದು ದೋಷದ ಮಟ್ಟಿಗೆ ಕುದಿಸಿದಷ್ಟೂ ಹಾನಿ ಹೆಚ್ಚುತ್ತದೆ. ಕುದಿಸುವುದರಿಂದ ರೋಗಾಣುಗಳು ಸಾಯುತ್ತವೆ. ನೈಟ್ರೇಟ್ ರೋಗಾಣುವಲ್ಲ, ನೀರಿನಲ್ಲಿ ಕರಗಿದ ಲವಣ. ಲೀಟರಿಗೆ 60 ಮಿಲಿಗ್ರಾಂ ನೈಟ್ರೇಟ್ ಇರುವ ನಾಲ್ಕು ಲೀಟರ್ ನೀರನ್ನು ಒಲೆಯ ಮೇಲಿಟ್ಟು ಮೂರು ಲೀಟರಿಗೆ ಇಳಿಸಿದಿರೆನ್ನಿ. ಆವಿಯಾಗಿ ಹೋದದ್ದು ನೀರು ಮಾತ್ರ. ಇದ್ದ 240 ಮಿಲಿಗ್ರಾಂ ನೈಟ್ರೇಟ್ ಹಾಗೆಯೇ ಉಳಿದು, ಈಗ ಲೀಟರಿಗೆ 80 ಮಿಲಿಗ್ರಾಂ ಆಯಿತು. ಪಟಿಕ ಹಾಕಿದರೂ ಬ್ಲೀಚಿಂಗ್ ಪುಡಿ ಹಾಕಿದರೂ ಬಟ್ಟೆಯಲ್ಲಿ ಸೋಸಿದರೂ ಅದು ಹೋಗದು. ಮೇಣದ ಬತ್ತಿಯಂತಹ ಬಿಳಿ ಸೋಸುಗೊಳವೆಯ ಫಿಲ್ಟರು, ನೇರಳಾತೀತ ಬೆಳಕಿನ ಫಿಲ್ಟರು ಇವೂ ಅದನ್ನು ತಡೆಯಲಾರವು.

ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ಗೊತ್ತುಪಡಿಸಿದ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರು ಸಿಗದ ಊರಿಗೂ ಈ ಮಿತಿಯಲ್ಲಿ ಸಡಿಲಿಕೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 50. ಕೇಂದ್ರ ಅಂತರ್ಜಲ ಮಂಡಳಿಯು 2024ರ ಕೊನೆಯಲ್ಲಿ ಪ್ರಕಟಿಸಿದ ವರದಿಯಂತೆ ದೇಶದ ಅಂತರ್ಜಲ ಮಾದರಿಗಳಲ್ಲಿ ಸುಮಾರು ಐದನೆಯ ಒಂದು ಭಾಗ ಈ ಮಿತಿಯನ್ನು ಮೀರಿವೆ. ಕರ್ನಾಟಕದಲ್ಲಿ ಮೀರಿದವು ಹೆಚ್ಚುಕಡಿಮೆ ಅರ್ಧದಷ್ಟು. ರಾಜಸ್ಥಾನದ ಸಾಲಿನಲ್ಲಿ ನಮ್ಮ ನಾಡೂ ನಿಂತಿದೆ. ಇಷ್ಟಲಿಂಗದ ಮಜ್ಜನಕ್ಕೆ, ದಾಸೋಹದ ಅಡುಗೆಗೆ, ಮಗುವಿನ ಬಾಯಿಗೆ ಒಂದೇ ಬಾವಿಯ ನೀರನ್ನು ಬಳಸುವ ಮನೆಗಳು ಈ ಲೆಕ್ಕವನ್ನು ತಿಳಿದಿರಬೇಕು.

ದೊಡ್ಡವರ ದೇಹವು ಸೇರಿದ ನೈಟ್ರೇಟಿನ ಬಹುಪಾಲನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆರು ತಿಂಗಳೊಳಗಿನ ಕೂಸಿನ ಸ್ಥಿತಿ ಬೇರೆ. ಅದರ ಜಠರದಲ್ಲಿ ಆಮ್ಲ ಕಡಿಮೆ. ಆದ್ದರಿಂದ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿ ನೈಟ್ರೇಟನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ರಕ್ತಕ್ಕೆ ಸೇರಿ ಹಿಮೋಗ್ಲೋಬಿನ್‌ನಲ್ಲಿರುವ ಕಬ್ಬಿಣದ ರೂಪವನ್ನೇ ಬದಲಿಸುತ್ತದೆ. ಹಾಗೆ ಬದಲಾದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊರಲಾರದು. ದೊಡ್ಡವರಲ್ಲಿ ಇದನ್ನು ಸರಿಪಡಿಸುವ ಕಿಣ್ವವು ಸಾಕಷ್ಟಿದೆ, ಕೂಸಿನಲ್ಲಿ ಅದು ಇನ್ನೂ ಬಲಿತಿರುವುದಿಲ್ಲ. ತುಟಿ, ಉಗುರು, ಮೈಬಣ್ಣ ನೀಲಿ ಬೂದುಬಣ್ಣಕ್ಕೆ ತಿರುಗುತ್ತವೆ, ರಕ್ತ ಚಾಕೊಲೇಟಿನಂತೆ ಕಂದಾಗುತ್ತದೆ. ಭೇದಿಯೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಅವರು 1945ರಲ್ಲಿ ಇಂತಹ ಕೂಸುಗಳ ವೃತ್ತಾಂತವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿ, ಕಾರಣ ತೋಟದ ಮನೆಯ ಬಾವಿಯ ನೀರೆಂದು ತೋರಿಸಿದರು. ಆ ನೀರಿನಿಂದ ಪುಡಿಹಾಲು ಕದಡುವುದನ್ನು ನಿಲ್ಲಿಸಿದಾಗ ಕೂಸುಗಳು ಚೇತರಿಸಿಕೊಂಡವು. ಇಂದು ಇಂತಹ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ದರೆ ಮೆಥಿಲೀನ್ ಬ್ಲೂ ಎಂಬ ಔಷಧದಿಂದ ಗುಣಪಡಿಸಬಹುದು.

ಇಲ್ಲಿ ಒಂದು ಸಮಾಧಾನದ ಮಾತೂ ಉಂಟು. ತಾಯಿ ಆ ನೀರನ್ನೇ ಕುಡಿದಿದ್ದರೂ ಆಕೆಯ ಎದೆಹಾಲಿನಲ್ಲಿ ನೈಟ್ರೇಟ್ ಕೂಡಿಕೊಳ್ಳುವುದಿಲ್ಲ. ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನನ್ನೂ, ನೀರನ್ನೂ ಕೊಡಬಾರದೆಂದು ವೈದ್ಯರು ಹೇಳುವ ಮಾತಿಗೆ ಇದೂ ಒಂದು ಆಧಾರ. ಸಕ್ಕರೆ ನೀರು, ಜೀರಿಗೆ ನೀರು ಹನಿಸುವ ಅಜ್ಜಿಯಂದಿರ ಪ್ರೀತಿಯನ್ನು ನಾನು ಅಲ್ಲಗಳೆಯಲಾರೆ. ಆ ನೀರನ್ನು ಮಾತ್ರ ಒಪ್ಪಲಾರೆ.

ಇನ್ನು ಈ ನೈಟ್ರೇಟ್ ಎಲ್ಲಿಂದ ಬಂತೆಂಬುದನ್ನು ನೋಡೋಣ. ಬಹುಮಟ್ಟಿಗೆ ಅದು ಬಂದದ್ದು ನಮ್ಮ ಹಿತ್ತಲಿನಿಂದ, ಹೊಲದಿಂದ. ಕೊಟ್ಟಿಗೆಯ ಗಂಜಲ, ತಿಪ್ಪೆಯ ಸಾರ, ಶೌಚಗುಂಡಿಯ ದ್ರವ, ಹೊಲಕ್ಕೆ ಹಾಕಿದ ಯೂರಿಯಾ ಇವೆಲ್ಲವುಗಳಲ್ಲಿ ಸಾರಜನಕವಿದೆ. ಮಣ್ಣಿನಲ್ಲಿ ಗಾಳಿಯಾಡುವ ಕಡೆ ವಾಸಿಸುವ ಬ್ಯಾಕ್ಟೀರಿಯಾಗಳು ಈ ಸಾರಜನಕವನ್ನು ಎರಡು ಹಂತಗಳಲ್ಲಿ ನೈಟ್ರೇಟ್ ಮಾಡುತ್ತವೆ: ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡಿದರೆ, ಇನ್ನೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. 1890ರ ಸುಮಾರಿಗೆ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೊಗ್ರಾಡ್ಸ್ಕಿ ಇವುಗಳನ್ನು ಬೇರ್ಪಡಿಸಿ ತೋರಿಸಿದರು. ಪೈರಿಗೆ ಬೇಕಾದುದು ಮುಖ್ಯವಾಗಿ ಈ ನೈಟ್ರೇಟೇ. ಆ ಮಟ್ಟಿಗೆ ಈ ಜೀವಿಗಳ ಕಾಯಕದಿಂದಲೇ ನಮ್ಮ ತಟ್ಟೆಗೆ ಅನ್ನ ಬಂದಿದೆ. ಬೇರು ಹೀರಿಕೊಳ್ಳದೆ ಉಳಿದುದನ್ನು ಮಾತ್ರ ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಮಣ್ಣಿನ ಕಣಗಳಂತೆ ನೈಟ್ರೇಟಿಗೂ ಋಣವಿದ್ಯುದಂಶವಿರುವುದರಿಂದ ಅದು ಅವುಗಳಿಗೆ ಅಂಟದೆ, ಮಳೆಯ ನೀರಿನೊಡನೆ ನೇರವಾಗಿ ಕೆಳಗಿಳಿಯುತ್ತದೆ.

ಪ್ರಮಾಣ ಎಷ್ಟೆಂದು ತಿಳಿಯಲು ಒಂದು ಲೆಕ್ಕ. 45 ಕಿಲೋ ಯೂರಿಯಾ ಚೀಲದಲ್ಲಿ ನೂರಕ್ಕೆ 46ರಂತೆ ಸುಮಾರು 20 ಕಿಲೋ ಸಾರಜನಕವಿರುತ್ತದೆ. ಅದರಲ್ಲಿ 5 ಕಿಲೋ ಮಾತ್ರ ನೈಟ್ರೇಟ್ ಆಗಿ ಕೆಳಗಿಳಿಯಿತೆನ್ನೋಣ; ಅದು 22 ಕಿಲೋ ನೈಟ್ರೇಟಿಗೆ ಸಮ. ಶುದ್ಧವಾಗಿದ್ದ ಸುಮಾರು 4 ಲಕ್ಷ 90 ಸಾವಿರ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಅಷ್ಟು ಸಾಕು.

ನೈಟ್ರೇಟನ್ನು ಕಟ್ಟುವ ಜೀವಿಗಳಿರುವಂತೆಯೇ ಅದನ್ನು ಬಿಚ್ಚುವ ಜೀವಿಗಳೂ ಅದೇ ಮಣ್ಣಿನಲ್ಲಿವೆ. ನಾವು ಉಸಿರಾಡಲು ಆಮ್ಲಜನಕವನ್ನು ಬಳಸುವಂತೆ, ಗಾಳಿಯಿಲ್ಲದ ಕಡೆ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನೊಳಗಿನ ಆಮ್ಲಜನಕವನ್ನು ಬಳಸಿ ಉಸಿರಾಡುತ್ತವೆ. ನೈಟ್ರೇಟ್ ನೈಟ್ರೈಟ್ ಆಗಿ, ಮುಂದೆ ನೈಟ್ರಿಕ್ ಆಕ್ಸೈಡ್, ನೈಟ್ರಸ್ ಆಕ್ಸೈಡ್ ಎಂಬ ಅನಿಲಗಳಾಗಿ, ಕೊನೆಗೆ ಶುದ್ಧ ಸಾರಜನಕ ಅನಿಲವಾಗಿ ಹೊರಬೀಳುತ್ತದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಭಾಗ ಇರುವುದು ಇದೇ ನಿರುಪದ್ರವಿ ಅನಿಲ. 1886ರಲ್ಲಿ ಫ್ರಾನ್ಸಿನ ಗೇಯೋನ್ ಮತ್ತು ದ್ಯೂಪೆತಿ ಎಂಬಿಬ್ಬರು ಇಂತಹ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸಿದ್ದನ್ನು ಪ್ರಕಟಿಸಿದರು. ಈ ಕೆಲಸ ನಡೆಯಲು ಎರಡು ಷರತ್ತುಗಳುಂಟು. ಅಲ್ಲಿ ಗಾಳಿಯ ಆಮ್ಲಜನಕ ಇರಬಾರದು, ಏಕೆಂದರೆ ಅದು ಸಿಕ್ಕಿದರೆ ಈ ಜೀವಿಗಳು ನೈಟ್ರೇಟಿನ ಗೊಡವೆಗೆ ಹೋಗುವುದಿಲ್ಲ. ತಿನ್ನಲು ಇಂಗಾಲವುಳ್ಳ ಆಹಾರ ಇರಬೇಕು: ಕೊಳೆತ ಎಲೆ, ಹುಲ್ಲು, ಮರದ ಹೊಟ್ಟು, ಮಲದಲ್ಲಿನ ಜೈವಿಕ ಅಂಶ ಹೀಗೆ ಏನಾದರೂ ಆದೀತು. ಆಳದ ಅಂತರ್ಜಲದಲ್ಲಿ ಆಹಾರವೇ ಇಲ್ಲ. ಆದಕಾರಣ ಅಲ್ಲಿಗೆ ಒಮ್ಮೆ ಇಳಿದ ನೈಟ್ರೇಟ್ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತದೆ.

ಇದು ನಮ್ಮ ನಾಡಿನಲ್ಲಿಯೇ ವಿವರವಾಗಿ ಕಂಡುಬಂದದ್ದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ. ಆ ಪಟ್ಟಣಕ್ಕೆ ಕುಡಿಯಲು ಅಂತರ್ಜಲವೇ ಗತಿ. ಮನೆಮನೆಯ ಶೌಚಾಲಯಕ್ಕೂ ಗುಂಡಿಯೇ ಗತಿ. ಕೆಳಗಿರುವುದು ಬಿರುಕುಬಿಟ್ಟ ಗ್ರಾನೈಟ್ ಶಿಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಧಾಕರ ರಾವ್ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿನ ಬಾವಿಗಳ ನೀರನ್ನು ಪರೀಕ್ಷಿಸಿ, ಬಹುಪಾಲು ಮಾದರಿಗಳಲ್ಲಿ ನೈಟ್ರೇಟ್ 45ರ ಮಿತಿಯನ್ನು ಮೀರಿರುವುದನ್ನೂ ಶೌಚಗುಂಡಿಗಳಿಂದ ಇಳಿದ ದ್ರವವೇ ಅದಕ್ಕೆ ಮುಖ್ಯ ಕಾರಣವೆಂಬುದನ್ನೂ 2013ರಲ್ಲಿ ಪ್ರಕಟಿಸಿದರು. ಗುಂಡಿಯೊಳಗೆ ಗಾಳಿಯಿಲ್ಲ, ಆಹಾರವೂ ಧಾರಾಳ. ಆದರೆ ಅಲ್ಲಿ ಸಾರಜನಕ ಇನ್ನೂ ಅಮೋನಿಯಾ ರೂಪದಲ್ಲಿದೆ. ಗುಂಡಿಯಿಂದ ಹೊರಬಿದ್ದು ಗಾಳಿಯಾಡುವ ಮಣ್ಣಿನ ಪದರವನ್ನು ದಾಟುವಾಗ ಅದು ನೈಟ್ರೇಟ್ ಆಗುತ್ತದೆ. ಬಿಚ್ಚುವ ಜೀವಿಗಳಿಗೆ ಅಲ್ಲಿ ಗಾಳಿ ಅಡ್ಡಿ, ಇನ್ನೂ ಕೆಳಗೆ ಆಹಾರದ ಕೊರತೆ. ಬೇಕಾದ ಎರಡೂ ಒಂದೇ ಜಾಗದಲ್ಲಿ ಕೂಡಿಬರದಿರುವುದೇ ತೊಂದರೆಯ ಮೂಲ.

ಅದೇ ಸಂಸ್ಥೆಯ ಸಂಶೋಧಕರು ಆ ಎರಡನ್ನೂ ಒಂದೆಡೆ ಕೂಡಿಸುವ ದಾರಿಯನ್ನು ಹುಡುಕಿದರು. ಮರಳಿಗೆ ಅಲ್ಪ ಪ್ರಮಾಣದಲ್ಲಿ ಬೆಂಟೊನೈಟ್ ಎಂಬ ಉಬ್ಬುವ ಜೇಡಿಮಣ್ಣನ್ನು ಬೆರೆಸಿದ ಪದರವನ್ನು ಶೌಚಗುಂಡಿಯ ದ್ರವ ಹಾಯುವ ದಾರಿಯಲ್ಲಿರಿಸುವ ಕ್ರಮ ಅದು. ಜೇಡಿ ಉಬ್ಬಿ ಮರಳಿನ ಸಂದುಗಳನ್ನು ತುಂಬುವುದರಿಂದ ದ್ರವ ನಿಧಾನವಾಗಿ ಹಾಯುತ್ತದೆ, ಪದರದೊಳಗೆ ಗಾಳಿ ಸುಳಿಯುವುದಿಲ್ಲ. ದ್ರವದಲ್ಲಿರುವ ಜೈವಿಕ ಅಂಶವೇ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತದೆ. ಹೊರಗಿನಿಂದ ಯಾವ ಜೀವಿಯನ್ನೂ ತಂದು ಹಾಕುವ ಅಗತ್ಯವಿಲ್ಲ, ಇದ್ದ ಜೀವಿಗಳಿಗೆ ತಕ್ಕ ಮನೆ ಕಟ್ಟಿಕೊಟ್ಟರಾಯಿತು. ನನಗೆ ಈ ವಿಚಾರದಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ.

ಕೆನಡಾ ದೇಶದ ಒಂಟಾರಿಯೊ ಪ್ರಾಂತದಲ್ಲಿ ರಾಬರ್ಟ್‌ಸನ್ ಮತ್ತು ಚೆರಿ ಎಂಬ ವಿಜ್ಞಾನಿಗಳು ಶೌಚದ ನೀರು ಇಂಗುವ ಸ್ಥಳಗಳಲ್ಲಿ ಮರದ ಹೊಟ್ಟು ಬೆರೆಸಿದ ಪದರಗಳನ್ನು ನೆಲದೊಳಗೆ ನಿರ್ಮಿಸಿ, ಹಾಯ್ದುಹೋಗುವ ನೀರಿನ ನೈಟ್ರೇಟ್ ಬಹುವಾಗಿ ತಗ್ಗುವುದನ್ನು 1995ರಲ್ಲಿ ವರದಿ ಮಾಡಿದರು. ಹೊಟ್ಟು ನಿಧಾನವಾಗಿ ಕರಗುವ ಆಹಾರವಾದುದರಿಂದ ಒಮ್ಮೆ ತುಂಬಿದರೆ ವರ್ಷಗಳ ಕಾಲ ಸಾಗುತ್ತದೆ. ಮರಳು ನೆಲದಲ್ಲಿ ನೀರು ಒಂದೇ ದಿಕ್ಕಿಗೆ ಸಾವಕಾಶವಾಗಿ ಹರಿಯುತ್ತದೆ. ಅಂತಹ ಕಡೆ ಅದಕ್ಕೆ ಅಡ್ಡಲಾಗಿ ಗೋಡೆ ಹಾಕಬಹುದು. ನಮ್ಮ ಕಲ್ಲುನೆಲದಲ್ಲಿ ನೀರು ಯಾವ ಬಿರುಕಿನಿಂದ ಯಾವ ಬಿರುಕಿಗೆ ಹೋಯಿತೆಂದು ಹೇಳುವುದು ಕಷ್ಟ. ಆದುದರಿಂದ ಅಂತರ್ಜಲಕ್ಕೆ ಸೇರಿದ ಮೇಲೆ ಬೆನ್ನಟ್ಟುವುದಕ್ಕಿಂತ ಗುಂಡಿಯ ಬುಡದಲ್ಲಿ, ಹೊಲದ ಮಣ್ಣಿನಲ್ಲಿ ತಡೆಯುವುದೇ ನಮ್ಮ ಕಡೆಗೆ ಹೊಂದುವ ಮಾರ್ಗವೆಂದು ನನ್ನ ಅಭಿಪ್ರಾಯ.

ಹೊಲದ ಮಾತಿಗೆ ಬಂದರೆ ಮಳಗಿ, ಮುಂಡಗೋಡ, ಹಾನಗಲ್ಲ ಕಡೆಯ ರೈತರು ಗಮನಿಸಬೇಕಾದ ಸಂಗತಿಯೊಂದಿದೆ. ಮಳಗಿಯ ಬಳಿ ಧರ್ಮಾ ನದಿಗೆ ಕಟ್ಟಿದ ಜಲಾಶಯದ ನೀರು ಹಾನಗಲ್ಲ ಸೀಮೆಯ ಗದ್ದೆಗಳಿಗೆ ಹರಿಯುತ್ತದೆ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲ. ಕೂಳೆ, ಕಳೆ, ಎರೆಮಣ್ಣಿನ ಜೈವಿಕಾಂಶ ಆಹಾರವಾಗಿ ಒದಗುತ್ತವೆ. ಎಂದರೆ ಭತ್ತದ ಗದ್ದೆಯೇ ನೈಟ್ರೇಟ್ ಬಿಚ್ಚುವ ಒಂದು ದೊಡ್ಡ ಯಂತ್ರ. ಹಾಕಿದ ಯೂರಿಯಾ ಗಾಳಿಗೆ ಹೋಗುತ್ತದೆಂದು ಕೃಷಿ ತಜ್ಞರು ಇದನ್ನು ನಷ್ಟದ ಲೆಕ್ಕಕ್ಕೆ ಬರೆಯುತ್ತಾರೆ. ಬಾವಿಯ ಲೆಕ್ಕದಲ್ಲಿ ಅದು ಲಾಭ. ಅದೇ ಗದ್ದೆಯಲ್ಲಿ ನೀರು ಬಸಿದು ಗೋವಿನಜೋಳವನ್ನೋ ಶುಂಠಿಯನ್ನೋ ಬೆಳೆದರೆ ಮಣ್ಣಿಗೆ ಗಾಳಿ ಹೊಗುತ್ತದೆ, ಕಟ್ಟುವ ಜೀವಿಗಳ ಕೈ ಮೇಲಾಗುತ್ತದೆ, ಮೇಲಿಂದ ಗೊಬ್ಬರವೂ ಹೆಚ್ಚು ಬೀಳುತ್ತದೆ. ಬೆಳೆ ಬದಲಿಸಬೇಡಿರೆಂದು ನಾನು ಹೇಳುತ್ತಿಲ್ಲ. ಆದಾಯದ ಪ್ರಶ್ನೆ ರೈತನಿಗೇ ಗೊತ್ತು. ಬೆಳೆ ಬದಲಾದಾಗ ಗೊಬ್ಬರದ ಕ್ರಮವೂ ಬದಲಾಗಬೇಕು. ಜೋರು ಮಳೆಯ ಮುನ್ಸೂಚನೆ ಇರುವ ದಿನ ಯೂರಿಯಾ ಎರಚಬಾರದು. ಒಂದೇ ಸಲ ಹಾಕುವುದನ್ನು ಎರಡು ಮೂರು ಕಂತುಗಳಲ್ಲಿ, ಪೈರು ಹೀರುವ ಕಾಲಕ್ಕೆ ಸರಿಯಾಗಿ ಹಾಕಬೇಕು. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಗಿದೆ. ಅದರ ಒಂದು ಗುಣವೆಂದರೆ ಅದು ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವನ್ನು ನಿಧಾನಗೊಳಿಸುತ್ತದೆ. ಕಣಜಕ್ಕೆ ಬೇವಿನ ಸೊಪ್ಪು ಹಾಕಿ ಕಾಳು ಕಾಯುತ್ತಿದ್ದ ನಮ್ಮ ಹಿರಿಯರಿಗೆ ಈ ಉಪಯೋಗ ತಿಳಿದಿರಲಿಲ್ಲ, ಆದರೆ ತಿಳಿದಿದ್ದರೆ ಅಚ್ಚರಿಪಡುತ್ತಿರಲಿಲ್ಲ.

ಈಗ ಒಂದು ಎಚ್ಚರಿಕೆ. ಸೂಕ್ಷ್ಮಜೀವಿಗಳು ನೈಟ್ರೇಟನ್ನು ತೆಗೆಯುತ್ತವೆಂದು ಓದಿದವರು ಬಾವಿಗೆ ಬೆಲ್ಲ, ಸಗಣಿ, ಜೀವಾಮೃತ ಅಥವಾ ಅಂಗಡಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಪುಡಿಯನ್ನು ಸುರಿಯಲು ಹೊರಡಬಾರದು. ಬಾವಿಯಲ್ಲಿ ಆಹಾರ ಹೆಚ್ಚಾದರೆ ಬೆಳೆಯುವುದು ಬೇಕಾದ ಜೀವಿ ಮಾತ್ರವಲ್ಲ. ಭೇದಿ, ವಿಷಮಶೀತಜ್ವರಗಳ ರೋಗಾಣುಗಳೂ ಸಗಣಿಯೊಡನೆ ಬಂದು ಸೇರಬಲ್ಲವು. ಕೆಲಸ ಅರ್ಧಕ್ಕೆ ನಿಂತರೆ ನೈಟ್ರೇಟ್ ನೈಟ್ರೈಟ್ ಆಗಿ ಉಳಿಯುತ್ತದೆ. ಕೂಸಿನ ರಕ್ತವನ್ನು ಕೆಡಿಸುವುದು ಅದೇ ತಾನೆ? ವಿದೇಶಗಳಲ್ಲಿ ಈ ಕ್ರಮದಿಂದ ಕುಡಿಯುವ ನೀರನ್ನು ಶುದ್ಧೀಕರಿಸುವ ಸ್ಥಾವರಗಳಿವೆ, ಆದರೆ ಅಲ್ಲಿ ಜೀವಿಗಳ ಕೆಲಸ ಮುಗಿದ ಬಳಿಕ ನೀರನ್ನು ಸೋಸಿ, ಕ್ಲೋರಿನ್ ಕೊಟ್ಟು, ಪರೀಕ್ಷಿಸಿ ಬಿಡುತ್ತಾರೆ. ಅದು ತಜ್ಞರ ಕೈಯ ಕೆಲಸ.

ಎಲ್ಲ ರಾಸಾಯನಿಕಕ್ಕೂ ಈ ಮಾರ್ಗ ನಡೆಯದು ಎಂಬುದನ್ನೂ ಹೇಳಬೇಕು. ನೈಟ್ರೇಟ್ ಹಲವು ಪರಮಾಣುಗಳು ಕೂಡಿದ ಅಣು, ಬಿಚ್ಚಬಹುದು. ಹತ್ತಿಯ ಬೆಳೆಗೆ ಸಿಂಪಡಿಸುವ ಸೈಪರ್‌ಮೆಥ್ರಿನ್ ಕೀಟನಾಶಕವೂ ಅಣುವೇ. ಅದನ್ನು ತಿಂದು ಬದುಕುವ ಬ್ಯಾಕ್ಟೀರಿಯಾವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಜೀವರಸಾಯನಶಾಸ್ತ್ರ ವಿಭಾಗದ ಸಂಶೋಧಕರು ವಿವರಿಸಿದ್ದಾರೆ. ಫ್ಲೋರೈಡ್ ಹಾಗಲ್ಲ. ಬಿಚ್ಚಲು ಅದರಲ್ಲಿ ಏನೂ ಇಲ್ಲ. ಹಲ್ಲು, ಮೂಳೆಗಳನ್ನು ಕೆಡಿಸುವ ಆ ದೋಷಕ್ಕೆ ಯಾವ ಬ್ಯಾಕ್ಟೀರಿಯಾವೂ ಮದ್ದಲ್ಲ. ಯುರೇನಿಯಂ, ಕ್ರೋಮಿಯಂಗಳಂತಹ ಲೋಹಗಳನ್ನು ಕೆಲವು ಜೀವಿಗಳು ನೀರಿನಲ್ಲಿ ಕರಗದ ರೂಪಕ್ಕೆ ತರಬಲ್ಲವು, ಆದರೆ ಲೋಹ ಅಲ್ಲಿಯೇ ಮಣ್ಣಿನಲ್ಲಿ ಉಳಿದಿರುತ್ತದೆ. ಆದ್ದರಿಂದ ನೀರಿನ ವರದಿಯಲ್ಲಿ ಯಾವ ದೋಷವಿದೆಯೆಂಬುದನ್ನು ಮೊದಲು ಓದಿ, ಅನಂತರ ಉಪಾಯ ಹುಡುಕಬೇಕು.

ಆ ಭಕ್ತರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಕೂಸಿನ ಪುಡಿಹಾಲಿಗೆ ಆ ಕೊಳವೆಬಾವಿಯ ನೀರನ್ನು ಇಂದಿನಿಂದಲೇ ನಿಲ್ಲಿಸಿರಿ. ಊರಿನಲ್ಲಿ ನೈಟ್ರೇಟ್ ಕಡಿಮೆಯಿರುವುದಾಗಿ ಪರೀಕ್ಷೆಯಾದ ಬೇರೆ ಬಾವಿಯೋ ನಲ್ಲಿಯೋ ಇದ್ದರೆ ಆ ನೀರನ್ನು ತನ್ನಿರಿ; ಅದನ್ನು ಒಂದು ಕುದಿ ಬರಿಸಿ ಇಳಿಸಿರಿ, ಬತ್ತಿಸಬೇಡಿರಿ. ಆರ್.ಒ. ಯಂತ್ರವು ನೈಟ್ರೇಟನ್ನು ಬಹುಮಟ್ಟಿಗೆ ತೆಗೆಯುತ್ತದೆ, ಆದರೆ ಅದು ಹೊರಬಿಡುವ ನೀರಿನಲ್ಲಿ ಎಲ್ಲ ನೈಟ್ರೇಟೂ ಒಟ್ಟುಗೂಡಿರುತ್ತದೆ. ಅದನ್ನು ಬಾವಿಯ ಕಟ್ಟೆಯ ಬಳಿ ಚೆಲ್ಲದೆ ತೆಂಗು ಬಾಳೆಗಳ ಬುಡಕ್ಕೆ ಹಾಯಿಸಿರಿ, ಗಿಡಕ್ಕೆ ಅದು ಗೊಬ್ಬರ. ತಾಯಿಯ ಹಾಲು ನಿಜವಾಗಿಯೂ ಸಾಲದೇ ಎಂಬುದನ್ನು ಆಶಾ ಕಾರ್ಯಕರ್ತೆಯ ಮೂಲಕವೋ ಆರೋಗ್ಯ ಕೇಂದ್ರದಲ್ಲಿಯೋ ವಿಚಾರಿಸಿರಿ. ಎಷ್ಟೋ ಸಲ ಕೊರತೆ ಹಾಲಿನದಲ್ಲ, ಕುಡಿಸುವ ಕ್ರಮದ್ದು.

ಬಾವಿಯ ಸುತ್ತ ಹತ್ತು ಮೀಟರಿನೊಳಗೆ ತಿಪ್ಪೆ, ಕೊಟ್ಟಿಗೆಯ ಗಂಜಲದ ಗುಂಡಿ, ಶೌಚದ ಇಂಗುಗುಂಡಿ ಇರಬಾರದು. ಬಿರುಕುಕಲ್ಲಿನ ನೆಲದಲ್ಲಿ ಆ ಅಂತರವೂ ಸಾಲದು, ಸಾಧ್ಯವಾದಷ್ಟು ದೂರ, ಇಳಿಜಾರಿನ ಕೆಳಗಡೆ ಇರಲಿ. ಗಂಜಲವನ್ನು ಮಣ್ಣಿಗೆ ಬಿಡದೆ ಗಾರೆಯ ತೊಟ್ಟಿಯಲ್ಲಿ ಹಿಡಿದು ಹೊಲಕ್ಕೆ ಒಯ್ದರೆ ಬಾವಿಗೂ ಕ್ಷೇಮ, ಪೈರಿಗೂ ಲಾಭ. ಆ ಭಕ್ತರ ಮನೆಯಲ್ಲಿ ತಿಪ್ಪೆ ಕೊಳವೆಬಾವಿಗೆ ಏಳು ಹೆಜ್ಜೆ ದೂರದಲ್ಲಿತ್ತಂತೆ. ಅದನ್ನು ಸರಿಸಿದ ಮಾತ್ರಕ್ಕೆ ನಾಳೆಯೇ ನೀರು ಸರಿಯಾಗುವುದಿಲ್ಲ. ಕೆಳಗೆ ಇಳಿದಿರುವುದು ತೊಳೆದುಹೋಗಲು ಕೆಲವು ಮಳೆಗಾಲಗಳೇ ಬೇಕಾಗಬಹುದು. ಹಾಗಾಗಿ ಪರೀಕ್ಷೆಯನ್ನು ಒಮ್ಮೆ ಮಾಡಿಸಿ ಬಿಡುವಂತಿಲ್ಲ.

ಗ್ರಾಮ ಪಂಚಾಯತಿಗಳಿಗೆ ಜಲ ಜೀವನ ಮಿಷನ್ ಯೋಜನೆಯಲ್ಲಿ ನೀರು ಪರೀಕ್ಷಿಸುವ ಪೆಟ್ಟಿಗೆಗಳನ್ನು ಒದಗಿಸಲಾಗಿದೆ. ಬಣ್ಣದ ಪಟ್ಟಿಯೊಡನೆ ಹೋಲಿಸಿ ನೈಟ್ರೇಟಿನ ಸ್ಥೂಲ ಪ್ರಮಾಣವನ್ನು ಅದರಲ್ಲಿ ತಿಳಿಯಬಹುದು. ಖಚಿತವಾದ ಸಂಖ್ಯೆಗೆ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪರೀಕ್ಷೆಯಾಗಲಿ. ಪಂಪನ್ನು ಐದು ನಿಮಿಷ ಓಡಿಸಿ, ಅದೇ ನೀರಿನಿಂದ ಸೀಸೆಯನ್ನು ಮೂರು ಸಲ ಗಲಬರಿಸಿ, ತುಂಬ ತುಂಬಿಸಿ, ತಂಪಾಗಿರಿಸಿ ಅಂದೇ ತಲುಪಿಸಿರಿ. ತಡವಾದರೆ ಸೀಸೆಯೊಳಗಿನ ಜೀವಿಗಳು ನೈಟ್ರೇಟಿನ ಪ್ರಮಾಣವನ್ನು ಬದಲಿಸಿಬಿಡುತ್ತವೆ. ವರದಿ ಬಂದಾಗ ಸಂಖ್ಯೆಯ ಎದುರು ‘ನೈಟ್ರೇಟ್’ ಎಂದಿದೆಯೋ ‘ನೈಟ್ರೇಟ್ ರೂಪದ ಸಾರಜನಕ’ ಎಂದಿದೆಯೋ ನೋಡಿಕೊಳ್ಳಿರಿ. ಎರಡನೆಯದಾದರೆ ಅದನ್ನು 4.43ರಿಂದ ಗುಣಿಸಿ 45ರೊಡನೆ ಹೋಲಿಸಬೇಕು. ವರದಿಯಲ್ಲಿ 12 ಎಂಬ ಸಣ್ಣ ಸಂಖ್ಯೆಯನ್ನು ಕಂಡು ನಿಶ್ಚಿಂತರಾದವರ ಬಾವಿಯಲ್ಲಿ ನಿಜಕ್ಕೂ ಇರುವುದು 53.